ಜಿಜ್ಞಾಬೆನ್ ತಂದ ಸುದ್ದಿ

ಗೋರ್ವಾ, ವಡೋದರಾ
ಗುರುವಾರ

ಪ್ರೀತಿಯ ಇಂದಿರಕ್ಕನಿಗೆ ನಮಸ್ಕಾರ.

ನಿನ್ನೆ ದೊಡ್ಡಣ್ಣ ನಕ್ಕ. ನಾನು ಬ್ಯಾಂಕಿಗೆ ಹೋಗಿದ್ದೆ. ಸುದ್ದಿ ತಿಳಿಸಿದ್ದು ದಿನಾ ನಮ್ಮ ಹೋಟೆಲಿನಲ್ಲಿ ಇಡ್ಲಿ ತಿನ್ನುವ ಜಿಜ್ಞಾಬೆನ್.

ಖಿನ್ನತೆಯ ಯೋಚನೆಗಳನ್ನು ತಿದ್ದುವ ಚಿಕಿತ್ಸೆ ಎಷ್ಟು ಫಲಿಸುತ್ತದೆಂದು ಇಲ್ಲಿನ ಆಸ್ಪತ್ರೆಯೊಂದು ಸಂಶೋಧನೆ ನಡೆಸುತ್ತಿದೆ. ಅಣ್ಣ ಅದಕ್ಕೆ ಸೇರಿದಾಗ ನೀನು ಫೋನಿನಲ್ಲಿ, "ಬರೀ ಮಾತಾಡ್ರೆ ಗುಣ ಆತ್ತಾ?" ಎಂದು ಕೇಳಿದ್ದೆ. ಅವರು ಪರೀಕ್ಷಿಸುತ್ತಿರುವುದೂ ಅದನ್ನೇ.

"ನನ್ನ ಸಾಂಬಾರು ಯಾರಿಗೂ ಬೇಡ" ಎಂದು ಅಡುಗೆಮನೆ ಬಿಟ್ಟವನಿಗೆ ಅಲ್ಲಿನ ಡಾಕ್ಟರ್ ಕೃಪಾ ಹೇಳಿದ್ದು ಇಷ್ಟೇ: ಒಂದು ದಿನ ನೀವೇ ಮಾಡಿ, ತಿಂದವರನ್ನೇ ಕೇಳಿ. ನಿನ್ನೆ ಅಣ್ಣ ಸಾಂಬಾರು ಮಾಡಿದಾಗ, ಯಾರಾದರೂ ಚೆನ್ನಾಗಿಲ್ಲ ಎಂದುಬಿಟ್ಟಾರೆಂದು ಪ್ರೇಮತ್ತಿಗೆಗೆ ಭಯ. ಗಿರಾಕಿಗಳಿಗೆಲ್ಲ ಹೊಗಳಬೇಕೆಂದು ಗುಟ್ಟಾಗಿ ಹೇಳಿಕೊಟ್ಟರು. ಎಲ್ಲರೂ "ಬಹುತ್ ಅಚ್ಛಾ" ಎಂದಾಗ ಅಣ್ಣ ಒಂದನ್ನೂ ನಂಬಲಿಲ್ಲ.

ತಡವಾಗಿ ಬಂದ ಜಿಜ್ಞಾಬೆನ್‌ಗೆ ಮಾತ್ರ ಇದು ಗೊತ್ತಿರಲಿಲ್ಲ. "ಶೆಟ್ಟಿಭಾಯ್, ಬೆಲ್ಲ ಸಾಲದು! ಆದರೂ ನಿಮ್ಮ ಹುಡುಗರ ಬಿಸಿನೀರಿಗಿಂತ ವಾಸಿ."

"ಇನ್ನೂ ಬೆಲ್ಲ ಹಾಕಿದ್ರೆ ಅದು ಪಾಯಸ, ಬೆನ್!" ಎಂದು ಅಣ್ಣ ಹಿಂದಿನಂತೆಯೇ ಜಗಳಕ್ಕೆ ನಿಂತನಂತೆ. ಆಮೇಲೆ ನಕ್ಕನಂತೆ. ಇವತ್ತು ತಾನಾಗಿಯೇ ಬೇಳೆ ಬೇಯಲು ಇಟ್ಟ.

ಒಂದು ನಗುವಿನಿಂದ ಗುಣವಾಯಿತೆನ್ನಲಾಗದು ಎಂದಿದ್ದಾರೆ ಡಾಕ್ಟರ್. ಹೇಳಿಕೊಟ್ಟ ಹೊಗಳಿಕೆಯನ್ನೂ ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಚಿಕಿತ್ಸೆ ಮಧ್ಯದಲ್ಲಿ ನಿಲ್ಲಬಾರದು. ಅವನನ್ನು ಕುಂದಾಪುರಕ್ಕೆ ಕರೆದೊಯ್ಯಲು ನೀನು ತೆಗೆಸಿದ ಟಿಕೆಟನ್ನು ದಯವಿಟ್ಟು ರದ್ದು ಮಾಡು. ನೋಡಬೇಕೆನಿಸಿದರೆ ನೀನೇ ಬಾ. ಬರುವಾಗ ಬ್ಯಾಡಗಿ ಮೆಣಸು ತಾ.

ಮುಂದಿನ ಭೇಟಿ ಮಂಗಳವಾರ ಸಂಜೆ ಐದಕ್ಕೆ. ಪ್ರೇಮತ್ತಿಗೆಯನ್ನೂ ಬರಹೇಳಿದ್ದಾರೆ.

ನಿನ್ನ ತಮ್ಮ,
ದಾಮೋದರ