ಹತ್ತೊಂಬತ್ತು ಜೊತೆ ಮಣ್ಣಿನ ಚಪ್ಪಲಿ

ಮಾರ್ಚ್ 3, ಮಂಗಳವಾರ
ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದ್ದಾಯ್ತು. ಹತ್ತೊಂಬತ್ತು ಜೊತೆ. ಒಂದರ ಉಂಗುಟ ಬಿರುಕು ಬಿಟ್ಟಿದೆ — ಇರಲಿ. ಗ್ಯಾಲರಿಯ ಬಿಳಿ ಕಟ್ಟೆ, ಬಿಳಿ ಲೈಟು. ಯಜಮಾನ ಪಾಕ್ ದರ್ಸೊನೊಗೆ ಖುಷಿ. ಸುರಬಯಾ ನಗರದ ಹೆಂಗಸೊಬ್ಬಳು ನೋಡಿ, "ಮನಸ್ಸಿಗೆ ತಂಪು ಅನ್ಸತ್ತೆ. ನಮ್ಮ ಹಾಲ್‌ಗೆ ಚೆನ್ನಾಗಿ ಹೊಂದತ್ತೆ" ಅಂದಳು. ಸತ್ತವರ ಚಪ್ಪಲಿ ಅಂತ ಗೋಡೆ ಮೇಲೆ ಬರೆದಿದೆ. ಓದಿದ್ದಳು ಕೂಡ.

ಮಾರ್ಚ್ 5
ಬು ಪೈರಾ ಬಂದಿದ್ದರು. 'ಬು' ಅಂದ್ರೆ ನಮಗೆಲ್ಲ ಅಮ್ಮನೇ. ಬಸ್ಸಲ್ಲಿ ಮೂರು ಗಂಟೆ. ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊರಗಿಂದ ಬೀಗ ಹಾಕಿದ್ದ ಬಾಗಿಲ ಹಿಂದೆ ಸತ್ತ ಹತ್ತೊಂಬತ್ತು ಜನರಲ್ಲಿ ಅವರ ಮಗಳು ತುಮಿನಿ ಒಬ್ಬಳು. ನಾನೂ ಅಲ್ಲೇ ಹೊಲೀತಿದ್ದೆ. ಆ ದಿನ ಜ್ವರ, ರಜೆ. ಹುಡುಗಿಯರು ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಮಾತ್ರ ಸುಡದೆ ಉಳಿದಿದ್ದವು. ಮಾಲೀಕರು ಮರುದಿನವೇ ಗುಡಿಸಿ ಹಾಕಿಸಿದರು. ಅವನ್ನೇ ನೆನೆದು ಒಂದೊಂದಾಗಿ ಮಣ್ಣಲ್ಲಿ ಮಾಡಿದೆ.
ಪೈರಾ ತುಂಬಾ ಹೊತ್ತು ನೋಡಿದರು.
"ಅಂಗಡೀಲಿ ಜೋಡಿಸಿಟ್ಟ ಹಾಗಿದೆ ಮಗಳೇ. ಯಾವ ಸೈಜು ಬೇಕು ಅಂತ ಕೇಳೋದೊಂದು ಬಾಕಿ."
ಮೂರು ವರ್ಷದ ಕೆಲಸ.

ಮಾರ್ಚ್ 6
ಕಾರ್ಖಾನೆ ಬಾಗಿಲಿಗೆ ಒಯ್ತೀನಿ ಅಂದೆ. ದರ್ಸೊನೊ ಕನ್ನಡಕ ತೆಗೆದರು.
"ಇಲ್ಲಿದ್ರೆ ಕಲೆ. ಅಲ್ಲಿಟ್ರೆ ಜಗಳ. ಒಡೆದು ಹಾಕ್ತಾರೆ."
"ಒಡೀಲಿ ಪಾಕ್."
ಪೆಟ್ಟಿಗೆ ಕಟ್ಟಿದೆ.

ಮಾರ್ಚ್ 12, ಬೆಳಿಗ್ಗೆ 6.30
ಕಾರ್ಖಾನೆ. ಅದೇ ಹಸಿರು ಕಬ್ಬಿಣದ ಬಾಗಿಲು, ಅದೇ ಬೀಗ. ಅವತ್ತು ಹಿಂದಿನ ಗೋಡೆ ಒಡೆದು ಹೆಣ ತೆಗೆದಿದ್ದು. ಬಾಗಿಲನ್ನು ಇವತ್ತಿನವರೆಗೂ ಯಾರೂ ತೆರೆದಿಲ್ಲ. ಪೈರಾ ಜೊತೆ ಇನ್ನೂ ಐವರು ತಾಯಂದಿರು. ಸಾಲಾಗಿ ಇಟ್ಟೆವು, ಚಪ್ಪಲಿಯ ಮುಂತುದಿ ಬಾಗಿಲ ಕಡೆಗೆ. ಹಿಂದೆ ಸರಿದು ನೋಡಿದೆ... ಬಾಗಿಲಲ್ಲಿ ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಅಂತ ಅರ್ಥ. ಇದ್ದಾರೆ. ಇನ್ನೂ.
ದಾರೀಲಿ ಹೋಗೋರು ಮಾತು ನಿಲ್ಲಿಸುತ್ತಿದ್ದಾರೆ.

8.15
ಮಾಲೀಕರ ಕಡೆಯವರು. ಮೂವರು, ಒಂದು ಸುತ್ತಿಗೆ. ಜೊತೆಗೆ ಕಾವಲುಗಾರ ಪಾಕ್ ಕಾರ್ಜೊ — ಅವತ್ತೂ ಕೀಲಿ ಇವರ ಹತ್ತಿರವೇ ಇದ್ದದ್ದು.
"ಸರೀರಿ ಬು. ಮಣ್ಣು ತಾನೆ, ಬೇರೆ ಮಾಡ್ಕೊಳ್ಳಿ," ಅಂದ ಸುತ್ತಿಗೆಯವನು.
"ಒಡಿಯಪ್ಪಾ," ಅಂದರು ಪೈರಾ. "ಯಾವುದು ಯಾರದ್ದು ಅಂತ ಹೇಳ್ತೀನಿ, ಕೇಳ್ಕೊಂಡು ಒಡಿ. ಇದು ತುಮಿನಿದು. ಇದು ವಾರ್ನಿದು, ಐದು ತಿಂಗಳ ಬಸುರಿ. ಇದು..."
ಅವನು ಕಾಲಿಡಲು ಜಾಗ ಹುಡುಕಿದ. ಒಂದನ್ನೂ ತುಳಿಯಲಾಗಲಿಲ್ಲ. ಕಾರ್ಜೊ ಬಾಗಿಲನ್ನೇ ನೋಡುತ್ತಿದ್ದರು.

8.40
"ಕಳ್ಳತನ ಆಗತ್ತೆ, ಏನೇ ಆದ್ರೂ ಬಾಗಿಲು ತೆಗೀಬೇಡ ಅಂದಿದ್ರು ಮಾಲೀಕರು, ಬು," ಅಂದರು ಕಾರ್ಜೊ. ಅಷ್ಟೇ. ಜೇಬಿಂದ ಕೀಲಿ ತೆಗೆದರು. ಸುತ್ತಿಗೆಯವನು ತೋಳು ಹಿಡಿದ — "ಕೆಲಸ ಹೋಗತ್ತೆ ಪಾಕ್."
"ಹೋಗ್ಲಿ ಬಿಡು."
ತುಕ್ಕು. ಎರಡು ಸಲ ತಿರುಗಲಿಲ್ಲ. ಮೂರನೇ ಸಲ...

9 ಗಂಟೆ
ತೆರೆದಿದೆ. ತಾಯಂದಿರು ಒಬ್ಬೊಬ್ಬರೇ ಒಳಗೆ ಹೋದರು. ಕೊನೆಗೆ ಕಾರ್ಜೊ, ಅಳುತ್ತಾ. ನಾನು ಮೆಟ್ಟಿಲ ಮೇಲೆ ಬರೀತಾ ಕೂತಿದ್ದೀನಿ. ಧೈರ್ಯ ಸಾಲದು. ತಿರುವಿನಲ್ಲಿ ಪೊಲೀಸ್ ಜೀಪಿನ ಸದ್ದು. ಒಳಗಿಂದ ಪೈರಾ ಕರೀತಿದ್ದಾರೆ — "ವೆನಿಂಗ್, ನಿನ್ನ ಹೊಲಿಗೆ ಮೆಷಿನ್ ಇಲ್ಲೇ ಇದೆ. ಬಾ."
ಎದ್ದೆ. ಬಾಗಿಲಾಚೆ ನೆಲ ಇನ್ನೂ ಕಪ್ಪು. ಒಂದು ಕಾಲು ಒಳಗಿಟ್ಟಿದ್ದೀನಿ. ಡೈರಿ ಮುಚ್ತೀನಿ, ಒಳಗೆ ಹೋಗ್ತೀನಿ.