ಜವುಗಿನಂಚಿನ ಗೂಟ

ಫಾರ್ಮಿಂಗ್ಟನ್ ಹಿಲ್ಸ್
ಅಕ್ಟೋಬರ್ ೧೯, ೨೦೨೫, ಭಾನುವಾರ
ನೀರು ತುಂಬುವ ಹಬ್ಬದ ಸಂಜೆ

ಚಿರಂಜೀವಿ ಭಾನುಗೆ,

ಅಮ್ಮ ಬರೆಯುವುದು. ಯಾವಾಗಲೂ ಕಾಗದದ ಮೊದಲ ಸಾಲಿನಲ್ಲೇ ಆಶೀರ್ವಾದ ಬರೆಯುವವಳು ನಾನು. ಈ ಸಲ ಕೈ ಬರಲಿಲ್ಲ. ಕೊನೆಗೆ ಬರೆಯುತ್ತೇನೆ, ಅಲ್ಲಿಯ ತನಕ ಓದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಕನ್ನಡದಲ್ಲಿ ಕೇಳಿದರೆ ನೀನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಜಾರಿಕೊಳ್ಳುತ್ತೀ. ಕಾಗದವಾದರೆ ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಅಷ್ಟು ಹೊತ್ತಾದರೂ ನನ್ನ ಮಾತು ನಿನ್ನ ಕಣ್ಣೆದುರು ಇರುತ್ತದೆ.

ಈಗಷ್ಟೇ ಸ್ಟೀಲಿನ ದೊಡ್ಡ ಪಾತ್ರೆಗೆ ನೀರು ತುಂಬಿ, ಅರಿಸಿನ ಕುಂಕುಮ ಹಚ್ಚಿ, ಬಾತ್‌ಟಬ್ಬಿನ ಪಕ್ಕ ಇಟ್ಟು ಬಂದೆ. ನಾಳೆ ಬೆಳಿಗ್ಗೆ ಎಣ್ಣೆನೀರು. ಶಿಕಾಗೋದಿಂದ ಇಲ್ಲಿಗೆ ಐದು ಗಂಟೆಯ ದಾರಿ, ಹಬ್ಬಕ್ಕೆ ಬರುವುದಿಲ್ಲ ಎಂದು ಅಪ್ಪನಿಗೆ ಮೆಸೇಜು ಮಾಡಿದೆಯಂತೆ. ನನಗೆ ಮಾಡಲಿಲ್ಲ. ಯಾಕೆಂದು ನಮ್ಮಿಬ್ಬರಿಗೂ ಗೊತ್ತು.

ನನಗೆ ವಿಷಯ ತಿಳಿದದ್ದು ಹೇಗೆಂದು ನೀನು ಕೇಳಲೇ ಇಲ್ಲ. ಅಕ್ಟೋಬರ್ ನಾಲ್ಕು, ಶನಿವಾರ, ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದೆ. ಪುಳಿಯೋಗರೆ ಬಡಿಸುತ್ತಿದ್ದವಳು ಲತಾಶ್ರೀ. ನನ್ನ ತಟ್ಟೆಯನ್ನು ಹಿಡಿದುಕೊಂಡೇ, “ನಾಗವೇಣಿಯವ್ರೇ, ವೆನಿಸ್‌ಗೆ ಈಗ ಧಾರಾಳವಾಗಿ ಹೋಗಬಹುದಂತಲ್ಲ?” ಅಂದಳು. ಯಾರು ಹೇಳಿದರು ಎಂದೆ. “ನಿಮ್ಮ ಮಗಳೇ ಹೇಳಿದಾಳಲ್ರೀ, ಸಹಿ ಹಾಕಿ!” ಎಂದು ಸೌಟು ಬಿಟ್ಟು ಫೋನು ತೆಗೆದಳು. ಅವಳ ಮಗ ನೀಲ್ ಕಾಲೇಜಿಗೆ ಏನೋ ಬರೆಯಲು ಹುಡುಕುವಾಗ ಸಿಕ್ಕಿತಂತೆ. ನಿಮ್ಮ ಕಂಪನಿಯ ವರದಿ. ಪ್ರವಾಸದ ದೊಡ್ಡ ಹಡಗುಗಳು ಒಳಗೆ ಬರುವುದಕ್ಕೆ ಕಾಲುವೆಯನ್ನು ಆಳ ಮಾಡಿದರೂ ಆ ಊರಿನ ಹಿನ್ನೀರಿಗೆ ತೊಂದರೆಯಿಲ್ಲ ಎಂದು ಅದರಲ್ಲಿ ಇದೆಯಂತೆ. ಕೆಳಗೆ ಮೂರು ಹೆಸರು. ಮೂರನೆಯದು ಭಾನುಪ್ರಿಯಾ ಶ್ರೀಧರ್. ಅಷ್ಟು ಇಂಗ್ಲಿಷ್ ನನಗೂ ಓದಲು ಬರುತ್ತದೆ.

“ನಮ್ಮ ಮನೆಯೋರು ಒಂದೇ ಒಂದ್ಸಲ ಆ ಗೊಂಡೋಲಾ ಹತ್ತಬೇಕು ಅಂತಿದ್ರು. ನಿಮ್ಮ ಮಾತು ಕಟ್ಕೊಂಡು ಟೆನ್ನೆಸ್ಸಿಗೆ ಹೋಗಿ ಗುಹೆ ನೋಡ್ಕೊಂಡು ಬಂದ್ವಿ” ಅಂದಳು. ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆ ತಟ್ಟೆಯನ್ನು ಚೆಲ್ಲಬಾರದು, ಪ್ರಸಾದ ಎಂದು ಕಾರಿನಲ್ಲಿ ಕೂತು ಒಂದೊಂದೇ ತುತ್ತು ನುಂಗಿದೆ. ಅಪ್ಪ ಗಾಡಿ ಸ್ಟಾರ್ಟು ಮಾಡದೆ ಸುಮ್ಮನೆ ಕಾದರು.

ಎರಡು ವರ್ಷದ ಹಿಂದೆ ಅದೇ ದೇವಸ್ಥಾನದ ಹಾಲಿನಲ್ಲಿ ಮೈಕು ಹಿಡಿದು ನಿಂತವಳು ನೀನು. ನಾಲ್ಕು ವರ್ಷ ಆ ಊರಿನಲ್ಲಿ ಓದಿ ಬಂದವಳು. ಸಮುದ್ರದ ಬಾಯಿಗೆ ಕಬ್ಬಿಣದ ಬಾಗಿಲು ಹಾಕಿದ್ದಾರೆ, ಉಬ್ಬರ ಜೋರಾದಾಗ ಅವು ಎದ್ದು ಊರನ್ನು ಕಾಯುತ್ತವೆ, ಆದರೆ ಊರು ಬರೀ ಬಾಗಿಲಿನಿಂದ ಉಳಿಯುವುದಿಲ್ಲ ಎಂದು ಹೇಳಿದೆ. ಸುತ್ತಲಿನ ಉಪ್ಪುಹುಲ್ಲಿನ ಜವುಗು ಉಳಿಯಬೇಕು, ದೊಡ್ಡ ಹಡಗಿನ ಅಲೆ ಆ ಜವುಗಿನ ಅಂಚನ್ನು ಕಚ್ಚಿ ಕಚ್ಚಿ ತಿನ್ನುತ್ತದೆ ಎಂದೆ. ನೀನಿದ್ದ ಬೀದಿಯಲ್ಲಿ ರೊಟ್ಟಿ ಅಂಗಡಿ ಹೋಗಿ ಮುಖವಾಡದ ಅಂಗಡಿ ಬಂತು, ನಿನ್ನ ಮೇಲಿನ ಮನೆಯ ಅಜ್ಜಿ ಬಾಡಿಗೆ ತಾಳಲಾರದೆ ಊರು ಬಿಟ್ಟಳು ಎಂದೆ. “ಹೋಗದೆ ಇರೋದೇ ನಾವು ಆ ಊರಿಗೆ ಮಾಡೋ ಸೇವೆ ಆಂಟಿ” ಎಂದು ಲತಾಶ್ರೀಯನ್ನೇ ನೋಡಿ ಹೇಳಿದೆ. ಸೇವೆ ಎಂಬ ಮಾತು ಕೇಳಿ ಮೊದಲು ಎದ್ದು ನಿಂತವಳು ನಾನು. ನಮ್ಮ ಮದುವೆಯ ದಿನಕ್ಕೆಂದು ಅಪ್ಪ ಆಸೆಯಿಂದ ಗೊತ್ತು ಮಾಡಿದ್ದ ಹಡಗಿನ ಪ್ರಯಾಣ ಬೇಡ ಎಂದು ಅಲ್ಲೇ ಹೇಳಿದೆ. ಆ ನೀರು ನೆಟ್ಟಗಾಗುವ ತನಕ ಕಾಲಿಡುವುದಿಲ್ಲ ಎಂದು ದೇವರ ಮುಂದೆ ಕೈಮುಗಿದೆ. ಆಮೇಲೆ ಹನ್ನೊಂದು ಮನೆಯವರು ಬಿಟ್ಟರು. ಫೋನು ಮಾಡಿ ಮಾಡಿ ಬಿಡಿಸಿದವಳು ನಾನೇ.

ಅವರೆಲ್ಲ ನಂಬಿದ್ದು ನನ್ನ ಮಾತನ್ನು. ನಾನು ನಂಬಿದ್ದು ನಿನ್ನದನ್ನು.

ಅವತ್ತೇ ಮಧ್ಯಾಹ್ನ ದಿಲ್‌ಶಾದ್ ಆಂಟಿಯನ್ನು ಕರೆದೆ. ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಹಾಗೆಯೇ ಬಂದಳು, ಒಲೆಯ ಮೇಲಿನ ಸಾರನ್ನು ಮಗಳಿಗೆ ಒಪ್ಪಿಸಿ. ಊಟದ ಮೇಜಿಗೆ ಕೂತು ಆ ವರದಿಯನ್ನು ಫೋನಿನಲ್ಲಿ ಹುಡುಕಿ, ಓದಿ ಓದಿ ನನಗೆ ಕನ್ನಡದಲ್ಲಿ ಹೇಳಿದಳು. ಭಟ್ಕಳದವಳಿಗೆ ಉಪ್ಪುನೀರು, ಕಟ್ಟ, ಉಬ್ಬರ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತೊಂದನೆಯ ಪುಟಕ್ಕೆ ಬಂದಾಗ ನಿಂತಳು. ಓದುವ ಕಾಲಕ್ಕೆ ನೀನು ಅಳೆಯುತ್ತಿದ್ದ ಜವುಗಿನ ಹೆಸರು ಅಲ್ಲಿತ್ತು. ಅದರ ಅಂಚು ಸ್ಥಿರವಾಗಿದೆ ಎಂದು ಬರೆದಿತ್ತು. “ಇದು ನಮ್ಮ ಭಾನು ಬರ್ದದ್ದಲ್ಲ ನಾಗವೇಣಿ. ಹೆಸರು ಮಾತ್ರ ಹಾಕ್ಕೊಂಡಿದಾರೆ, ಬೇಕಾದ್ರೆ ನೋಡು” ಅಂದಳು. ಒಂದು ದಿನ ಪೂರ್ತಿ ನಾನೂ ಅದನ್ನೇ ಹಿಡಿದುಕೊಂಡಿದ್ದೆ.

ಆದರೆ ಆ ಜವುಗಿನ ನಿಜ ನನಗೆ ಆ ಶನಿವಾರಕ್ಕೂ ಎರಡು ದಿನ ಮೊದಲೇ ಗೊತ್ತಿತ್ತು. ಅದನ್ನು ಈಗ ಹೇಳುತ್ತೇನೆ.

ಆಗಸ್ಟಿನಲ್ಲಿ ನೀನು ಫೋನು ಮಾಡಿ ಬೇಸ್‌ಮೆಂಟಿನಲ್ಲಿರುವ ನನ್ನ ಬಾಕ್ಸ್ ಎಸೆದುಬಿಡು, ಹಳೇ ಕಸ ಎಂದಿದ್ದೆ. ನಾನು ಅದನ್ನು ಗರಾಜಿನ ಬಾಗಿಲ ತನಕ ತಂದು ಇಟ್ಟಿದ್ದೆ. ಆಮೇಲೆ ನವರಾತ್ರಿ ಬಂತು. ನೀನು ಒಂದನೆಯ ಕ್ಲಾಸಿನಲ್ಲಿ ಇದ್ದಾಗಿನಿಂದ ಸರಸ್ವತಿ ಪೂಜೆಗೆ ನಿನ್ನ ಒಂದು ಪುಸ್ತಕ ಇಡದೆ ನಾನು ದೀಪ ಹಚ್ಚಿದವಳಲ್ಲ. ಮನೆಯಲ್ಲಿ ನಿನ್ನದು ಬೇರೆ ಏನೂ ಉಳಿದಿರಲಿಲ್ಲ. ಬಾಕ್ಸು ಬಿಚ್ಚಿ ಮೇಲೆಯೇ ಇದ್ದ ನೀಲಿ ರಟ್ಟಿನ ಪುಸ್ತಕವನ್ನು ತೆಗೆದು ದೇವಿಯ ಮುಂದೆ ಇಟ್ಟೆ. ಪೂಜೆಗಿಟ್ಟ ಪುಸ್ತಕವನ್ನು ನಡುವೆ ಮುಟ್ಟಬಾರದಲ್ಲ, ವಿಜಯದಶಮಿಯ ಬೆಳಿಗ್ಗೆ ತೆಗೆದಾಗ ಪದ್ಧತಿಯಂತೆ ಒಂದು ಪುಟ ಓದಬೇಕು ಎಂದು ಬಿಚ್ಚಿದೆ. ಇಂಗ್ಲಿಷ್ ಇರುತ್ತದೆ, ಕಣ್ಣಿಗೊತ್ತಿಕೊಂಡು ಇಟ್ಟರಾಯಿತು ಅಂದುಕೊಂಡಿದ್ದೆ. ನೋಡಿದರೆ ಕನ್ನಡ ಅಂಕಿ!

ಅಮಾವಾಸ್ಯೆಗೆ ಒಂದು ಕಪ್ಪು ಬೊಟ್ಟು, ಹುಣ್ಣಿಮೆಗೆ ಒಂದು ಖಾಲಿ ಬೊಟ್ಟು. ಎದುರಿಗೆ ಗೂಟದಿಂದ ಜವುಗಿನ ಅಂಚಿಗೆ ಎಷ್ಟು ಸೆಂಟಿಮೀಟರ್ ಎಂಬ ಅಳತೆ. ಮೊದಲ ಪುಟದಲ್ಲಿ ೩೧೨. ಆಮೇಲೆ ೩೦೪, ೨೯೯. ನಾಲ್ಕು ವರ್ಷ ಒಂದು ಅಮಾವಾಸ್ಯೆಯನ್ನೂ ತಪ್ಪಿಸಿಲ್ಲ ನೀನು. ಜ್ವರ ಬಂದಿದೆ ಎಂದು ಫೋನಿನಲ್ಲಿ ಅತ್ತ ದಿನವೂ ಅಳತೆ ಇದೆ. ಕೊನೆಯಲ್ಲಿ ೪೭, ಅದರ ಮುಂದಿನ ಸಾಲಿನಲ್ಲಿ ಅಂಕಿಯಿಲ್ಲ. ‘ಅಜ್ಜ, ಗೂಟ ಬಿತ್ತು’ ಎಂದು ಬರೆದಿದ್ದೀ.

ನನ್ನ ಮಗಳು ಎಂದು ಆ ಪುಸ್ತಕವನ್ನು ಎದೆಗೆ ಒತ್ತಿಕೊಂಡೆ, ಭಾನು. ಅದು ಗುರುವಾರ. ಶನಿವಾರ ಲತಾಶ್ರೀ ಫೋನು ತೋರಿಸಿದಳು.

ಮರುದಿನ ನಿನಗೆ ಫೋನು ಮಾಡಿದೆ. ನೀನು ಅಂದದ್ದನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ಹೇಳು. “ಅಮ್ಮಾ, ಇದು ನಿಂಗೆ ಅರ್ಥ ಆಗಲ್ಲ. ನಾನು ಸೈನ್ ಮಾಡದಿದ್ರೆ ಬೇರೆ ಯಾರಾದ್ರೂ ಮಾಡ್ತಿದ್ರು. ನಾನಿದ್ದಿದ್ದಕ್ಕೆ ಹಡಗು ಸ್ಲೋ ಆಗಿ ಹೋಗ್ಬೇಕು ಅನ್ನೋ ಕಂಡಿಷನ್ ಆದ್ರೂ ಸೇರ್ತು.” ಹಾಗಾದರೆ ನೀನು ನೆಟ್ಟ ಗೂಟ ಎಂದು ನಾನು ಕೇಳಿದೆ. ಅದು ಒಬ್ಬಳೇ ಕೈಯಲ್ಲಿ ಅಳೆದದ್ದು, ಅದನ್ನು ಡೇಟಾ ಅಂತ ಯಾರೂ ತಗೊಳಲ್ಲ ಎಂದೆ ನೀನು. ಫೋನು ಇಡುವ ಮೊದಲು ನೀನೇ ಕೇಳಿದೆ, “ಆ ಬಾಕ್ಸ್ ಎಸೆದೆ ತಾನೆ?”

ಯಾರೂ ತೆಗೆದುಕೊಳ್ಳದ ಕಸದ ಬಗ್ಗೆ ಎರಡು ಸಲ ಯಾಕೆ ಕೇಳುತ್ತಾಳೆ ಇವಳು ಎಂದು ಆಗ ನನಗೆ ಹೊಳೆಯಿತು. ಎಸೆದೆ ಎಂದೆ ನಾನು. ಸುಳ್ಳು. ಶನಿವಾರ ಒಪ್ಪೊತ್ತು ಮಾಡುವ ಬಾಯಿಯಿಂದ ಭಾನುವಾರ ಸುಳ್ಳು. ಆ ಕಡೆ ನೀನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ವರದಿಯಲ್ಲಿ ನಿನ್ನ ಹೆಸರು ನೋಡಿದಾಗಲೂ ನನಗೆ ಅಷ್ಟು ನೋವಾಗಿರಲಿಲ್ಲ. ನಿನ್ನ ಅಳತೆ ನಿನಗೇ ಬೇಡವಾಗಿತ್ತು, ಅದು ಇಲ್ಲವಾಯಿತು ಎಂದರೆ ನಿನಗೆ ಹಗುರವಾಯಿತು.

ಈಗ ಒಂದು ಹಳೆಯ ವಿಷಯ. ಇದನ್ನು ನಿನ್ನ ಅಪ್ಪನಿಗೂ ನಾನು ಹೇಳಿಲ್ಲ.

ಅವತ್ತು ದೇವಸ್ಥಾನದಲ್ಲಿ ನೀನು, ನಮ್ಮ ಅಜ್ಜ ನಲವತ್ತು ವರ್ಷ ಉಪ್ಪುನೀರನ್ನು ಬಾಗಿಲಲ್ಲೇ ನಿಲ್ಲಿಸಿದವರು ಎಂದು ಹೇಳಿದಾಗ ನಾನು ತಲೆ ತಗ್ಗಿಸಿದೆ. ಹೆಮ್ಮೆಯಿಂದ ಅಳುತ್ತಿದ್ದೇನೆ ಎಂದುಕೊಂಡೆ ನೀನು. ಕುಮಟೆಯ ಹತ್ತಿರದ ನಮ್ಮ ಗಜನಿ ಗದ್ದೆಗಳನ್ನು ನೀನು ನೋಡಿದ್ದೀ. ಹೊಳೆಯ ಉಪ್ಪುನೀರಿಗೂ ಕಗ್ಗವೆಂಬ ಕೆಂಪಕ್ಕಿಯ ಭತ್ತಕ್ಕೂ ನಡುವೆ ಒಂದು ಮಣ್ಣಿನ ಕಟ್ಟ, ಕಟ್ಟಕ್ಕೆ ಮರದ ಬಾಗಿಲು. ಉಬ್ಬರಕ್ಕೆ ಹಲಗೆ ಇಳಿಸುವುದು, ಇಳಿತಕ್ಕೆ ಎತ್ತುವುದು ಅಜ್ಜನ ಕೆಲಸ. ನೀರಿನ ಮಟ್ಟ ನೋಡಲು ಗೂಟದ ಮೇಲೆ ಡಾಂಬರಿನಲ್ಲಿ ಅಂಕಿ ಬರೆದಿದ್ದರು. ನೀನು ರಜೆಗೆ ಹೋದಾಗ ಎಣಿಸಲು ಕಲಿತದ್ದು ಅದೇ ಗೂಟದಲ್ಲಿ.

ನೀನು ಹುಟ್ಟುವ ಮೊದಲು ಸಿಗಡಿ ಸಾಕುವ ಗುತ್ತಿಗೆಯವನೊಬ್ಬ ಊರಿಗೆ ಬಂದ. ಅವನಿಗೆ ಒಳಗೆ ಉಪ್ಪುನೀರು ಬೇಕು. ಅಜ್ಜನಿಗೆ ಕುರ್ಚಿ ಕೊಟ್ಟು ಕೂರಿಸಿದ, ಯಜಮಾನ್ರೇ ಎಂದು ಕರೆದ. ಊರಿನಲ್ಲಿ ಅಜ್ಜನನ್ನು ಹಾಗೆ ಕರೆದವರು ಯಾರೂ ಇರಲಿಲ್ಲ. ಎರಡೇ ಹಲಗೆ ತೆಗೆಯಿರಿ ಎಂದು ಕೇಳಿದ. ತೆನೆ ತುಂಬಿದ ಹೊತ್ತು, ಅಮಾವಾಸ್ಯೆಯ ಉಬ್ಬರ. ಎರಡು ಹಲಗೆಯ ಸಂದಿನಲ್ಲಿ ನುಗ್ಗಿದ ನೀರು ಕಟ್ಟವನ್ನೇ ಒಡೆಯಿತು. ಮೂರು ಮನೆಯವರ ಬೆಳೆ ಹೋಯಿತು. ಉಬ್ಬರ ಜೋರಾಗಿತ್ತು ಎಂದರು ಅಜ್ಜ, ಬಾಗಿಲು ಕಾಯುವವರ ಮಾತಲ್ಲವೇ, ಊರು ನಂಬಿತು. ಕೊನೆಯ ಕಾಯಿಲೆಯಲ್ಲಿ ಮಗಳಾದ ನನ್ನೊಬ್ಬಳ ಹತ್ತಿರವೇ ಹೇಳಿದರು. “ಹಲಗೆ ತೆಗ್ದದ್ದು ನಾನೇ ಮಗಾ.”

ಅಜ್ಜ ಯಾಕೆ ಕೆಂಪಕ್ಕಿ ಅನ್ನ ಉಣ್ಣುವುದಿಲ್ಲ ಎಂದು ನೀನು ಸಣ್ಣವಳಿದ್ದಾಗ ಕೇಳಿದ್ದೆ. ಹೊಟ್ಟೆಗೆ ಆಗುವುದಿಲ್ಲ ಎಂದಿದ್ದೆ ನಾನು. ಹೊಟ್ಟೆ ಚೆನ್ನಾಗಿಯೇ ಇತ್ತು. ಆ ವರ್ಷದಿಂದ ಆ ಗದ್ದೆಯ ಒಂದು ಅಗುಳನ್ನೂ ಅವರು ಬಾಯಿಗೆ ಹಾಕಲಿಲ್ಲ, ಬಡಿಸಿದರೆ ಸಾರಿನ ತಿಳಿ ಕುಡಿದು ಏಳುತ್ತಿದ್ದರು. ನಿನ್ನ ಕಣ್ಣಿನಲ್ಲಿ ಅಜ್ಜ ದೊಡ್ಡವರಾಗಿಯೇ ಇರಲಿ ಎಂದು ಇಷ್ಟು ವರ್ಷ ಮುಚ್ಚಿಟ್ಟೆ. ಅದು ನನ್ನ ತಪ್ಪೇನೋ. ಮೊದಲೇ ಹೇಳಿದ್ದರೆ, ಸಹಿ ಹಾಕುವ ದಿನ ನಿನ್ನನ್ನು ಯಾರು ಯಾವ ಕುರ್ಚಿಯಲ್ಲಿ ಕೂರಿಸಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದೆಯೋ ಏನೋ.

ಅಪ್ಪ ಅನ್ನುತ್ತಾರೆ, ಅವಳ ಕೆಲಸ ಅವಳಿಗೆ, ನೀನು ತಲೆ ಹಾಕಬೇಡ ಎಂದು. ಅವರು ರಾಚೆಸ್ಟರ್ ಹಿಲ್ಸಿನ ಆಫೀಸಿನಲ್ಲಿ ಇಪ್ಪತ್ತು ವರ್ಷ ತಲೆ ಹಾಕದೆಯೇ ಕೆಲಸ ಮಾಡಿದವರು. ನನಗೆ ಹಾಗೆ ಬರುವುದಿಲ್ಲ. ದೇವರ ಮುಂದೆ ಕೈಮುಗಿದವಳು ನಾನು.

ನವೆಂಬರ್ ಹನ್ನೆರಡಕ್ಕೆ ಆ ಊರಿನಲ್ಲಿ ಸಭೆ ಇದೆಯಂತೆ, ಕಾಲುವೆ ಅಗೆಯಬೇಕೋ ಬೇಡವೋ ಎಂದು ಅವತ್ತು ತೀರ್ಮಾನವಂತೆ. ವರದಿ ಬರೆದವರೂ ಅದರೊಳಗೆ ತಿದ್ದುಪಡಿ ಹೇಳಬಹುದು ಎಂದು ದಿಲ್‌ಶಾದ್ ಓದಿ ಹೇಳಿದಳು. ಇನ್ನೂ ದಿನ ಇದೆ. ಅಜ್ಜನಿಗೆ ಹೇಳಲು ಆಗದ ಒಂದು ಮಾತನ್ನು ನೀನು ಹೇಳಬಹುದು. ನಿನ್ನ ಅಳತೆ ದೇವರ ಗೂಡಿನಲ್ಲಿದೆ, ದಿನಾ ಹೂವು ಏರಿಸುತ್ತಿದ್ದೇನೆ. ಬಂದು ನೋಡು. ನಾಳೆ ಆಗದಿದ್ದರೆ ಬಲಿಪಾಡ್ಯಮಿಗೆ ಬಾ. ನಿನ್ನ ಪಾಲಿನ ಎಣ್ಣೆ ಬಿಸಿ ಮಾಡಿ ಇಡುತ್ತೇನೆ.

ಆಶೀರ್ವಾದ ಕೊನೆಗೆ ಎಂದಿದ್ದೆ. ನಿನಗೆ ಒಳ್ಳೆಯದಾಗಲಿ ಮಗಳೇ. ಒಳ್ಳೆಯದು ಎಂದರೆ ಏನೆಂದು ನೀನೇ ನನಗೆ ಆ ದೇವಸ್ಥಾನದ ಹಾಲ್‌ನಲ್ಲಿ ಕಲಿಸಿದ್ದೀ, ಅದೇ ಆಗಲಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಗೂಡಿನಲ್ಲಿ ಇರುವುದು ನಿನ್ನ ನೀಲಿ ಪುಸ್ತಕವಲ್ಲ, ನನ್ನ ಕೈಬರಹ. ಒಂಬತ್ತು ದಿನ ರಾಮಕೋಟಿ ಬರೆಯುವುದನ್ನು ನಿಲ್ಲಿಸಿ, ಆ ರಾಮಕೋಟಿ ಪುಸ್ತಕದ ಉಳಿದ ಹಾಳೆಗಳಲ್ಲಿ ನಿನ್ನ ಅಂಕಿಗಳನ್ನೆಲ್ಲ ಇಳಿಸಿಕೊಂಡೆ. ನಿನ್ನದನ್ನು ಗುರುವಾರ ದಿಲ್‌ಶಾದ್ ಜೊತೆ ಪೋಸ್ಟಾಫೀಸಿಗೆ ಹೋಗಿ ವೆನಿಸ್‌ನಲ್ಲಿ ನಿನಗೆ ಕಲಿಸಿದ ಮಾರ್ತಾ ಟೀಚರಿಗೆ ಕಳಿಸಿದೆ, ನಮ್ಮ ಮನೆಗೆ ಬಂದಾಗ ಕೈಯಲ್ಲೇ ಅನ್ನ ಕಲಸಿ ಉಂಡರಲ್ಲ, ಅವರ ವಿಳಾಸ ಬಾಕ್ಸಿನಲ್ಲೇ ಇತ್ತು. ನಿನ್ನ ಹೆಸರನ್ನು ಮರೆಮಾಡಲಿಲ್ಲ. ನೀನು ಬರುವ ತನಕ ಕಾಯಬಹುದಿತ್ತು, ಆದರೆ ನನ್ನ ಬುದ್ಧಿ ನನಗೆ ಗೊತ್ತು: ನೀನು ಬಂದು ಅತ್ತಿದ್ದರೆ ಹೋಳಿಗೆ ಬಡಿಸಿ, ಪುಸ್ತಕವನ್ನೂ ನಿನ್ನ ಕೈಗೇ ಕೊಟ್ಟುಬಿಡುತ್ತಿದ್ದೆ. ಅದು ತಲುಪುವ ಮೊದಲು ನಿನ್ನ ಮಾತು ತಲುಪಲಿ. ನಮ್ಮ ಅಂಕಿ ಅವರಿಗೆ ಓದಲು ಬರುವುದಿಲ್ಲವಲ್ಲ ಎಂದು ಒಂದು ಹಾಳೆಯಲ್ಲಿ ಒಂದರಿಂದ ಹತ್ತರ ತನಕ ನಮ್ಮದನ್ನೂ ಅವರದನ್ನೂ ಎದುರೆದುರು ಬರೆದು ಒಳಗಿಟ್ಟಿದ್ದೇನೆ. ಅಜ್ಜ ಗೂಟದ ಮೇಲೆ ಬರೆದಿದ್ದ ಹಾಗೆಯೇ, ಒಂದು ಕೆಳಗೆ, ಹತ್ತು ಮೇಲೆ.