ಹಾರಾಟದ ಗಂಟೆಗೆ ಇಷ್ಟು

ಮಾರ್ಚ್ 3, ಸೋಮವಾರ, ಮಧ್ಯಾಹ್ನ 1.20

ಇವತ್ತೂ ಡೆಸ್ಕ್‌ನಲ್ಲೇ ಊಟ. ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಮೌಸ್. ನಮ್ಮ ಏರ್‌ಲೈನ್ಸ್‌ಗೆ ವಿಮಾನದ ಇಂಜಿನ್ ಮಾರುವ ಕಂಪನಿಯ ಪತ್ರ ಬಂತು — ಪಟ್ಟಿಯ ಬೆಲೆಗಿಂತ ಶೇಕಡಾ ಅರವತ್ತು ಕಡಿಮೆ. ಆಫೀಸ್ ತುಂಬ ಸಂಭ್ರಮ. ಯಾರೋ ಮಿಠಾಯಿ ಕೂಡ ಹಂಚಿದರು.

ಜೊತೆಗಿದ್ದ ಕಾಂಟ್ರ್ಯಾಕ್ಟಿನ ಹದಿನೇಳನೇ ಪುಟ ಯಾರೂ ಓದಿಲ್ಲ. ಇಂಜಿನ್ ಅಗ್ಗ, ಅದರ ರಿಪೇರಿ ಕಾಂಟ್ರ್ಯಾಕ್ಟ್ ಅಲ್ಲ. ವಿಮಾನ ಹಾರುವ ಪ್ರತಿ ಗಂಟೆಗೂ ಅವರಿಗೆ ಇಷ್ಟು ಅಂತ ಕಟ್ಟಬೇಕು. ಆ ದರ ವರ್ಷಕ್ಕೆ ಶೇಕಡಾ ಏಳು ಏರುತ್ತದೆ. ಹನ್ನೆರಡು ವರ್ಷ. ಮಾರುವಾಗ ಬಿಟ್ಟದ್ದನ್ನೆಲ್ಲ ಹಾರುವಾಗ ವಸೂಲಿ ಮಾಡುತ್ತಾರೆ.

ಲೆಕ್ಕ ಹಾಕಿದೆ. ಇಪ್ಪತ್ತೆರಡು ಹೊಸ ವಿಮಾನದ ಖರ್ಚು ನಾವು ತಾಳುತ್ತೇವೆ. ಮೇಲಿನವರು ಕೊಳ್ಳಬೇಕೆಂದಿರುವ ನಲವತ್ತು ಸಾಧ್ಯವೇ ಇಲ್ಲ.

ಮೇಂಟೆನೆನ್ಸ್‌ನ ಮಿಲಿಂದ ನನ್ನ ಹಾಳೆ ನೋಡಿ ನಕ್ಕರು. "ಮೇಡಂ, ಈ ಇಂಜಿನ್ ಹೇಳಿದ ಟೈಮಿಗಿಂತ ಮೊದಲೇ ವರ್ಕ್‌ಶಾಪಿಗೆ ಬರ್ತದರಿ. ಅಷ್ಟು ದಿನ ವಿಮಾನ ನೆಲದ ಮ್ಯಾಲೇ. ಇಪ್ಪತ್ತೆರಡೂ ಜಾಸ್ತೀನೇ ಅದ."

ಮಾರ್ಚ್ 5, ಬುಧವಾರ

ಫೈನಾನ್ಸ್ ಮುಖ್ಯಸ್ಥ ಸೂರ್ಯನಾರಾಯಣ ಅವರ ಕ್ಯಾಬಿನ್. ಹಾಳೆಯನ್ನು ಓದಲೂ ಇಲ್ಲ, ಕೊನೆಯ ಸಾಲು ಮಾತ್ರ ನೋಡಿದರು. "ಇಪ್ಪತ್ತೆರಡು ಅಂದರೆ ಇದು ಸಣ್ಣ ಏರ್‌ಲೈನ್ಸ್. ನಲವತ್ತು ಅಂದರೆ ಬೆಳೆಯುವ ಏರ್‌ಲೈನ್ಸ್. ಮುಂದಿನ ತಿಂಗಳು ಷೇರು ಬಿಡ್ತಿದ್ದೇವೆ. ಇನ್ವೆಸ್ಟರ್‌ಗಳು ಯಾವುದಕ್ಕೆ ದುಡ್ಡು ಹಾಕ್ತಾರೆ?"

"ಸರ್, ಏಳು ಶೇಕಡಾ..."

"ಎರಡು ಹಾಕು. ಮುಂದೆ ನೆಗೋಷಿಯೇಟ್ ಮಾಡೋಣ."

ಸಹಿ ಮಾಡಿದ ಮೇಲೆ ಏನು ನೆಗೋಷಿಯೇಟ್? ಆ ಇಂಜಿನ್ ಬಿಚ್ಚಿ ಇನ್ನೊಬ್ಬರದು ಕೂಡಿಸಲು ಬರುತ್ತದೆಯೇ? ಇಷ್ಟೂ ಗೊತ್ತಿಲ್ಲದವರಲ್ಲ. ಗೊತ್ತಿದ್ದೇ ಹೇಳುತ್ತಾರೆ — ಅದಕ್ಕೇ ಮೈ ಉರಿಯುತ್ತಿದೆ. ಹಾಳೆಯಲ್ಲಿ ಏಳನ್ನೇ ಉಳಿಸಿ ಬಂದೆ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಅಪ್ಪನ ಮೇಲೆ ಕೂಗಾಡಿದೆ. ಬರೆಯಲೂ ನಾಚಿಕೆ.

ತಿಂಡಿಗೆ ಕೂತಿದ್ದೆವು. ಅಪ್ಪ ಪೇಪರ್ ಮಡಚಿಟ್ಟು, "ಯವ್ವಾ ರಶ್ಮಿ, ನಿಮ್ಮ ಕಂಪನಿ ಷೇರು ಬರಾಕತ್ತಾವಂತ. ರಿಟೈರ್ ಆದಾಗ ಬಂದಿದ್ದು ಬ್ಯಾಂಕಿನ್ಯಾಗ ಸುಮ್ನ ಐತಿ. ಎಲ್ಲಾ ಹಾಕಬೇಕಂತ ಮಾಡೀನಿ. ಸಾಬಣ್ಣನೂ ಹಾಕ್ತಾನ" ಎಂದರು. ಸಾಬಣ್ಣ ಅಂಕಲ್ ನಮ್ಮದೇ ಬಡಾವಣೆ ಕುಷಾಯಿಗೂಡದವರು. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಅಪ್ಪನ ಪಕ್ಕದ ಬೆಂಚು.

ಏನು ಹೇಳಲಿ? ಒಳಗಿನ ಸುದ್ದಿ ಮನೆಯವರಿಗೂ ಹೇಳುವಂತಿಲ್ಲ. ಬೇಡ ಎಂದರೂ ಹೇಳಿದಂತೆಯೇ. ಕಾನೂನು ಅದು. ಬಾಯಿಂದ ಬೇರೆ ಏನೋ ಬಂತು. "ಮನ್ಯಾಗೂ ಕಂಪನಿ ಮಾತು ಬೇಕೇನಪ್ಪಾ? ಒಂದ್ ದಿನ ಸುಮ್ನ ಇರ್ರಿ!"

ಅಪ್ಪ ತಟ್ಟೆ ಸರಿಸಿ ಎದ್ದರು. ಅವ್ವ ಅಡುಗೆಮನೆಯಿಂದ ಬಂದು, "ಅಪ್ಪಗ ಹಿಂಗ ಅಂತಾರೇನ? ಊರೆಲ್ಲಾ ನನ್ನ ಮಗಳು, ನನ್ನ ಮಗಳು ಅಂತ ಹೇಳ್ಕೊಂಡ ತಿರಗ್ತಾರ ಅವ್ರು" ಎಂದಳು.

ಗೊತ್ತವ್ವಾ. ಅದಕ್ಕೇ.

ಮಾರ್ಚ್ 18, ಮಂಗಳವಾರ

ನಲವತ್ತೇ ಎಂದು ಘೋಷಿಸಿದರು, ಸಹಿ ಇನ್ನೂ ಬಾಕಿ. ದೊಡ್ಡ ಹೋಟೆಲ್, ಕ್ಯಾಮೆರಾ, ಮೇಜಿನ ಮೇಲೆ ಆಟಿಕೆಯಂಥ ವಿಮಾನ. ಒಬ್ಬ ವರದಿಗಾರ್ತಿ ಮಾತ್ರ ಇಂಜಿನ್ ಖರ್ಚು ಎಷ್ಟು ಎಂದು ಕೇಳಿದಳು. ಸೂರ್ಯನಾರಾಯಣ ನಗುತ್ತ ನನ್ನ ಕಡೆ ಕೈ ತೋರಿಸಿದರು — "ನಮ್ಮ ರಶ್ಮಿಯ ಟೀಮ್ ಎಲ್ಲವನ್ನೂ ಲೆಕ್ಕ ಹಾಕಿದೆ." ಚಪ್ಪಾಳೆ.

ಆಫೀಸಿಗೆ ಬಂದು ಕಡತ ತೆರೆದು ನೋಡಿದೆ. ಶೇಕಡಾ ಎರಡು. ಕೆಳಗೆ, ಸಿದ್ಧಪಡಿಸಿದವರು: ನನ್ನ ಹೆಸರು.

ಮಾರ್ಚ್ 19, ಬುಧವಾರ, 10.15

ಯಾರು ಬದಲಿಸಿದ್ದು ಎಂದು ಸೂರ್ಯನಾರಾಯಣ ಅವರನ್ನು ಕೇಳಿದೆ. ಬಾಗಿಲು ತೆರೆದೇ ಇತ್ತು, ಹೊರಗೆಲ್ಲ ಕೇಳಿಸಿರಬೇಕು. ಕೇಳಿಸಲಿ.

"ಎಂದುಕಮ್ಮಾ ಇಂತ ಕೋಪಂ?" ಅಂದರು ತೆಲುಗಿನಲ್ಲಿ, ಯಾಕಮ್ಮಾ ಇಷ್ಟು ಕೋಪ ಎಂದು ಮಗುವನ್ನು ರಮಿಸುವ ಹಾಗೆ. "ಟೀಮ್‌ನಲ್ಲಿ ಯಾರೋ ಅಪ್‌ಡೇಟ್ ಮಾಡಿರ್ತಾರೆ."

ನನ್ನ ಟೀಮ್‌ನಲ್ಲಿ ಇರುವುದೇ ನಾನು ಮತ್ತು ದೀಪಕ. ದೀಪಕ ತಂಗಿಯ ಮದುವೆಗೆಂದು ರಾಯಚೂರಿನಲ್ಲಿದ್ದಾನೆ. ಹತ್ತು ದಿನದಿಂದ.

ಮಾರ್ಚ್ 21, ಶುಕ್ರವಾರ

ಕಳಿಸಿದೆ. ಆಡಿಟ್ ಕಮಿಟಿಯ ಅಧ್ಯಕ್ಷೆ ಶಾರದಾಬಾಯಿ ಅವರಿಗೆ. ಹೊರಗಿನ ಡೈರೆಕ್ಟರ್, ಸರ್ಕಾರಿ ಸೇವೆಯಿಂದ ನಿವೃತ್ತರು, ಎದುರಾದರೆ ನಮಸ್ಕಾರ ಅಷ್ಟೇ. ಹದಿನೇಳನೇ ಪುಟ, ನನ್ನ ಏಳು, ಅವರ ಎರಡು. ಎರಡು ಶೇಕಡಾದ ಹಾಳೆ ನನ್ನದಲ್ಲ ಎಂದು ಬರೆದು ಸಹಿ ಹಾಕಿದೆ.

ಮಿಲಿಂದರನ್ನು ವರ್ಕ್‌ಶಾಪಿನ ದಾಖಲೆ ಕೇಳಿದ್ದೆ. ತಲೆ ತಗ್ಗಿಸಿದರು. "ನನ್ನ ಹೆಸರು ಹಾಕಬ್ಯಾಡ್ರಿ ಮೇಡಂ. ಎರಡು ಮಕ್ಕಳ ಫೀಸ್ ಅದ." ಮೊನ್ನೆ ನಗಲು ಬಂದಿತ್ತು, ಇವತ್ತು ಫೀಸ್ ನೆನಪಾಯಿತು. ಎದುರಿಗೇ ಅಂದೆ.

ಏಪ್ರಿಲ್ 4, ಶುಕ್ರವಾರ

ಶಾರದಾಬಾಯಿ ಅವರಿಗೆ ಬರೆದದ್ದು ಗೊತ್ತಾಗಿ ನನ್ನ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಇವತ್ತಿಗೆ ಒಂಬತ್ತು ದಿನ. ಟ್ರೇನಿಂಗ್ ರೂಮಿನಲ್ಲಿ ಕೂರಿಸಿದ್ದಾರೆ. ಕುರ್ಚಿ, ಗೋಡೆ, ಹಳೆಯ ಸೀಟ್ ಬೆಲ್ಟುಗಳ ಡಬ್ಬ. ನಾನು ಹತ್ತಿದರೆ ಲಿಫ್ಟಿನಲ್ಲಿ ಜನ ಫೋನ್ ನೋಡುತ್ತಾರೆ.

ಷೇರಿಗೆ ಅರ್ಜಿ ಹಾಕಲು ಇನ್ನು ಹದಿನೆಂಟು ದಿನ. ಅಪ್ಪ ಬ್ಯಾಂಕಿಗೆ ಹೋಗಿ ಡಿಪಾಸಿಟ್ ಮುರಿಸಿ ಬಂದಿದ್ದಾರೆ. ನನಗೆ ಹೇಳಲಿಲ್ಲ, ಅವ್ವ ಹೇಳಿದಳು. ಅಪ್ಪ, ನಾನು ಮಾತು ಬಿಟ್ಟು ತಿಂಗಳಾಗುತ್ತ ಬಂತು.

ಏಪ್ರಿಲ್ 16, ಬುಧವಾರ

ಶಾರದಾಬಾಯಿ ಕರೆಸಿದರು. ಬೋರ್ಡ್ ರೂಮ್. ಸೂರ್ಯನಾರಾಯಣ ಎದುರಿಗೆ. ಆಕೆ ನನ್ನನ್ನು ಏನೂ ಕೇಳಲಿಲ್ಲ. ಇಂಜಿನ್ ಕಂಪನಿಯವನಿಗೆ ಅಲ್ಲೇ ಫೋನ್ ಹಚ್ಚಿಸಿ ಸ್ಪೀಕರ್‌ಗೆ ಹಾಕಿಸಿದರು.

"ಐದನೇ ವರ್ಷ ನಿಮ್ಮ ಗಂಟೆಯ ದರ ವರ್ಷಕ್ಕೆ ಎರಡೇ ಶೇಕಡಾ ಏರಿಕೆಯ ಲೆಕ್ಕಕ್ಕೆ ಸಿಗುತ್ತದೆಯೇ?"

ಆತ ನಕ್ಕ. "ಮೇಡಂ, ನಾವು ಇಂಜಿನ್ ಮಾರಿ ಲಾಭ ಮಾಡೋದಿಲ್ಲ. ಕಾಂಟ್ರ್ಯಾಕ್ಟ್‌ನಲ್ಲಿ ಇರುವುದೇ ದರ."

ಆಮೇಲೆ ಆಕೆ ಇನ್ನೊಂದು ಹಾಳೆ ತೆಗೆದರು. ಎರಡು ವರ್ಷದಲ್ಲಿ ಎಷ್ಟು ಇಂಜಿನ್ ಅವಧಿಗೆ ಮೊದಲೇ ಬಿಚ್ಚಿದ್ದಾರೆ ಎಂಬ ಪಟ್ಟಿ. ಕೆಳಗೆ ಮಿಲಿಂದರ ಸಹಿ, ಪೂರ್ತಿ ಹೆಸರು, ಎಂಪ್ಲಾಯಿ ನಂಬರ್ ಸಮೇತ. ಅವರಿಗೆ ಅಂದ ಮಾತು ನೆನಪಾಯಿತು... ಥೂ.

ಏಪ್ರಿಲ್ 20, ಭಾನುವಾರ

ಪೇಪರಿನಲ್ಲಿ ಬಂದಿದೆ. ಆರ್ಡರ್ ಇಪ್ಪತ್ತೆರಡಕ್ಕೆ ಇಳಿಕೆ, ಷೇರು ಬಿಡುಗಡೆ ಮುಂದಕ್ಕೆ, ಹೂಡಿಕೆದಾರರಿಗೆ ನಿರಾಶೆ. ಹೊಸದಾಗಿ ತೆಗೆದುಕೊಂಡಿದ್ದ ಅರವತ್ತು ಪೈಲಟ್‌ಗಳ ಕೆಲಸಕ್ಕೂ ತಡೆ. ಅವರಲ್ಲೊಬ್ಬಳು ನನಗೆ ಮೆಸೇಜ್ ಹಾಕಿದ್ದಾಳೆ — "ಖುಷಿಯಾ?" ಉತ್ತರ ಬರೆದೆ, ಅಳಿಸಿದೆ. ಇಲ್ಲದ ಕೆಲಸ ತೋರಿಸಿದವಳು ನಾನಲ್ಲ. ಆದರೂ ಅವಳಿಗೆ ಏನಂತ ಬರೆಯಲಿ.

ಅಪ್ಪ ಪೇಪರ್ ಹಿಡಿದು ನನ್ನ ಕೋಣೆಗೆ ಬಂದರು. "ಅವತ್ತ ನೀ ಚೀರಿದ್ದು ಇದಕ್ಕೇನ?"

"ಹೂಂ ಅಪ್ಪಾ. ಹೇಳೂ ಹಂಗಿರಲಿಲ್ಲ."

ಪೇಪರ್ ನನ್ನ ಹಾಸಿಗೆಯ ಮೇಲೆ ಇಟ್ಟರು. "ಅಲ್ಲ, ಹೇಳಬ್ಯಾಡ. ಚೀರೂದು ಯಾಕ? ಸುಮ್ನ ಕುಂತಿದ್ರ ನನಗ ತಿಳೀತಿದ್ದಿಲ್ಲೇನ? ನಲವತ್ತ ವರ್ಷ ಆತು ನಿನ್ನ ಮಾರಿ ನೋಡಾಕತ್ತಿ." ಇನ್ನೂ ಸಿಟ್ಟಿನಲ್ಲೇ ಇದ್ದರು. ಹೋಗುತ್ತ, "ಷೇರು ಯಾಕ ನಿಂತಾವಂತ ನೀನ ಬಂದು ಸಾಬಣ್ಣಗ ಹೇಳು. ನನ್ನ ಕಡಿಂದ ಆಗೂದಿಲ್ಲ" ಎಂದರು.

ಹೋದೆವು. ಇಬ್ಬರೂ.

ಏಪ್ರಿಲ್ 28, ಸೋಮವಾರ, ಸಂಜೆ 5

ಲ್ಯಾಪ್‌ಟಾಪ್ ವಾಪಸ್ ಬಂತು. ಸೂರ್ಯನಾರಾಯಣ ಇನ್ನೂ ಅದೇ ಕ್ಯಾಬಿನ್‌ನಲ್ಲಿ. ಅವರಿಗೆ ಏನೂ ಆಗಿಲ್ಲ, ಕಮಿಟಿ ಇನ್ನೂ "ಪರಿಶೀಲಿಸುತ್ತಿದೆ". ಇಪ್ಪತ್ತೆರಡಕ್ಕೆ ಹೊಸ ಲೆಕ್ಕ ಬೇಕಂತೆ. "ನಿನ್ನ ನಂಬರೇ ಹಾಕು ರಶ್ಮೀ" — ಏನೋ ದಾನ ಕೊಟ್ಟ ಹಾಗೆ.

ಕೂರಲಿಲ್ಲ. ನನ್ನ ಹೆಸರಿನ ಹಾಳೆ ಬದಲಿಸಿದ್ದು ಯಾರೆಂದು ಬರೆದುಕೊಡಿ ಎಂದೆ. ಆಮೇಲೆ ಲೆಕ್ಕ.

ಬರೆದರು. ನಾಲ್ಕು ಸಾಲು, "ಟೀಮ್‌ನಿಂದ ಆದ ತಪ್ಪು" ಎಂದು. ಮೇಜಿನ ಮೇಲೆ ಹಿಂದಕ್ಕೆ ತಳ್ಳಿದೆ.

"ಟೀಮ್ ಅಲ್ಲ ಸರ್. ಹೆಸರು."

ಕನ್ನಡಕ ತೆಗೆದರು, ಹಾಕಿಕೊಂಡರು. ಕೊನೆಗೆ ಪೆನ್ನು ಎತ್ತಿ, "ಟೀಮ್" ಹೊಡೆದು ಹಾಕಿದರು. ಮೊದಲ ಅಕ್ಷರ ಬರೆದರು. ಅದು ಅವರ ಸ್ವಂತ ಹೆಸರಿನದೇ.